ಹೊಳೆ ಕಾಯುವ ಕಣ್ಣಿಗೆ ನಿದ್ದೆ

ಹೊಳೆಯೊಂದರ ನಡುಗಡ್ಡೆಯಲ್ಲಿ ಸೊಗಸಾದ ಹುಲ್ಲು ಬೆಳೆಯುತ್ತಿತ್ತು. ಅಲ್ಲಿಗೆ ಹೋಗಲು ಇದ್ದದ್ದು ಒಂದೇ ತಗ್ಗು ಸೇತುವೆ. ದೂರದ ಘಟ್ಟದಲ್ಲಿ ಮಳೆಯಾದರೆ ಸಾಕು, ಇಲ್ಲಿ ಹೊಳೆ ಸದ್ದಿಲ್ಲದೆ ಏರಿ ಸೇತುವೆಯನ್ನು ಮುಚ್ಚಿಬಿಡುತ್ತಿತ್ತು.

ಇಂದುಮತಿ ಎಂಬ ಎಂಜಿನಿಯರ್ ಸೇತುವೆಯ ಪಕ್ಕ ಕಂಬ ನಿಲ್ಲಿಸಿ, ಮೇಲೊಂದು ರೇಡಾರ್ ಕೂರಿಸಿದಳು. ಅದು ಮೇಲಿನಿಂದಲೇ ನೀರಿನ ಮಟ್ಟ ಅಳೆಯುತ್ತಿತ್ತು. ನೀರು ಏರಿದರೆ ಸೈರನ್ ಕೂಗುತ್ತಿತ್ತು. ಅದರ ಹೊಟ್ಟೆಗೆ ಒಂದು ಪುಟ್ಟ ಸೋಲಾರ್ ಫಲಕ, ಒಂದು ಬ್ಯಾಟರಿ. ಕಾವಲು ಎಂದರೆ ಕಣ್ಣು ಮಿಟುಕಿಸಬಾರದು ಎಂದು ಅವಳು ನಂಬಿದ್ದಳು. ಹಾಗಾಗಿ ಯಂತ್ರ ಒಂದು ಕ್ಷಣವೂ ಮಲಗದಂತೆ ಮಾಡಿದ್ದಳು.

ಆಷಾಢ ಬಂತು. ಮೋಡ ಇಳಿದು ಹೊಳೆ, ದಡ, ಆಕಾಶ ಎಲ್ಲ ಒಂದೇ ಬೂದುಬಣ್ಣವಾದವು. ಬಿಸಿಲಿಲ್ಲದ ದಿನಗಳು ಒಂದರ ಹಿಂದೊಂದು ತೇಲಿಹೋದವು. ಒಂದು ಮಧ್ಯಾಹ್ನ ಕುರಿಗಾಹಿ ಮಾಳಪ್ಪ ನಡುಗಡ್ಡೆಯಿಂದ ಮಂದೆ ಹೊಡೆದುಕೊಂಡು ಸೇತುವೆಗೆ ಇಳಿದ. ನಡುವೆ ಬರುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಸೈರನ್ ಕೂಗಲಿಲ್ಲ. ಅವನು ಹೇಗೋ ದಡ ಸೇರಿದ. ಹಿಂದೆ ಉಳಿದ ಕುರಿಗಳು ನೀರಿನ ಸೆಳೆತಕ್ಕೆ ಸಿಕ್ಕಿ, ಮಂಜಿನಲ್ಲಿ ಕರಗಿದಂತೆ ಕಾಣದಾದವು.

ಇಂದುಮತಿ ಓಡಿಬಂದು ಪೆಟ್ಟಿಗೆ ತೆರೆದಳು. ಬ್ಯಾಟರಿ ಬರಿದಾಗಿತ್ತು. ಮಾಳಪ್ಪ ಬೈಯಲಿಲ್ಲ.

"ಸೈರನ್ ಸುಮ್ಮನಿತ್ತಲ್ಲವ್ವಾ, ಅದನ್ನ ನಂಬಿ ಇಳಿದೆ," ಎಂದಷ್ಟೇ ಹೇಳಿದ.

ಅವಳು ತನಗೆ ವಿದ್ಯೆ ಕಲಿಸಿದ ಗುರು ಧರಣೇಂದ್ರರ ಬಳಿಗೆ ಹೋದಳು. ಇನ್ನೂ ದೊಡ್ಡ ಫಲಕ, ದೊಡ್ಡ ಬ್ಯಾಟರಿ ಹಾಕುತ್ತೇನೆಂದಳು. ಅವರು ಒಪ್ಪಲಿಲ್ಲ. ಯಂತ್ರ ಏನೂ ಕೆಲಸ ಮಾಡದೆ ಕೂತಾಗ ಎಷ್ಟು ವಿದ್ಯುತ್ ತಿನ್ನುತ್ತದೆಂದು ಮೊದಲು ಅಳೆದು ಬಾ ಎಂದರು. ಅಳೆದಾಗ ಅವಳಿಗೇ ಅಚ್ಚರಿ. ನೀರು ನೋಡುವುದು ಕ್ಷಣದ ಕೆಲಸ. ಉಳಿದ ಶಕ್ತಿಯೆಲ್ಲ ಬರೀ ಕಾಯುವುದರಲ್ಲೇ ಸೋರಿಹೋಗುತ್ತಿತ್ತು. ನೀರಿನ ಸುದ್ದಿ ಕಳಿಸಲೆಂದು ಯಂತ್ರದೊಳಗೆ ಇಟ್ಟಿದ್ದ ರೇಡಿಯೊ ಬಾರದ ಸಂದೇಶಕ್ಕೆ ಕಿವಿಗೊಟ್ಟು ಕೂತಿತ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಯಾರೂ ನೋಡದ ಒಂದು ಕೆಂಪು ದೀಪ ಉರಿಯುತ್ತಿತ್ತು.

"ನಡುನಡುವೆ ಮಲಗಿಸಬಹುದು ಸರ್. ಆದರೆ ಮಲಗಿದಾಗಲೇ ನೀರು ಬಂದರೆ?" ಎಂದು ಗುರುಗಳ ಬಳಿಗೆ ಮರಳಿ ಬಂದು ಕೇಳಿದಳು.

"ಹೊಳೆ ಎಷ್ಟು ಬೇಗ ಏರುತ್ತೆ ಅಂತ ನೋಡಿದ್ದೀಯಾ? ಅದಕ್ಕಿಂತ ಮೊದಲೇ ಏಳೋ ಹಾಗೆ ಮಲಗಿಸಮ್ಮ."

ಅವಳು ನೋಡಿರಲಿಲ್ಲ. ಮಾಳಪ್ಪನನ್ನು ಕೇಳಿಕೊಂಡು ಅವನ ಜೊತೆ ದಡದಲ್ಲಿ ಕೂತಳು. ಮಂಜು ಸರಿಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ನೀರು ಒಂದು ಕಲ್ಲನ್ನು ಮೆಲ್ಲಗೆ ನುಂಗಿ ಮುಂದಿನದರ ಕಡೆ ಹೊರಳುತ್ತಿತ್ತು. ದಿನವೆಲ್ಲ ನೋಡಿ ಅವಳು ಹೊಳೆಯ ನಡಿಗೆ ಕಲಿತಳು. ಬಳಿಕ ಕೆಂಪು ದೀಪ ಕಿತ್ತಳು. ಹೇಳುವುದಿದ್ದಾಗ ಮಾತ್ರ ರೇಡಿಯೊ ಏಳುವಂತೆ ಮಾಡಿದಳು. ರೇಡಾರ್ ಮಲಗುವುದು, ಎದ್ದು ನೀರು ನೋಡುವುದು, ಏರದಿದ್ದರೆ ಮತ್ತೆ ಮಲಗುವುದು. ಏರುತ್ತಿದ್ದರೆ ಮಾತ್ರ ನಿದ್ದೆ ಬಿಡುವುದು. ಬ್ಯಾಟರಿ ಬರಿದಾಗುವ ಮೊದಲೇ ಎಚ್ಚರಿಸುವ ಬೇರೊಂದು ಕೂಗನ್ನೂ ಸೇರಿಸಿದಳು.

ಮರುವರ್ಷದ ಆಷಾಢದಲ್ಲಿ ಸೂರ್ಯ ಇನ್ನೂ ಹೆಚ್ಚು ದಿನ ಮರೆಯಾದ. ನಡುಗಡ್ಡೆಯಿಂದ ಮರಳುತ್ತಿದ್ದ ಮಾಳಪ್ಪ ಸೇತುವೆಗೆ ಇನ್ನೇನು ಕಾಲಿಡಬೇಕು, ಮಂಜಿನೊಳಗಿಂದ ಸೈರನ್ ಕೂಗಿತು. ಅವನು ಮಂದೆಯನ್ನು ತಡೆದು ಎತ್ತರದ ದಿಬ್ಬಕ್ಕೆ ಹತ್ತಿಸಿದ. ಅವನ ಕಣ್ಣೆದುರೇ ಸೇತುವೆ ನೀರಿನಡಿ ಸೇರಿತು. ಒಂದು ಮರಿಯನ್ನು ಕಂಬಳಿಯೊಳಗೆ ಎಳೆದುಕೊಂಡು, ನೀರು ಇಳಿಯುವವರೆಗೆ ಅವನು ನಿಶ್ಚಿಂತೆಯಿಂದ ಕೂತ.

ನೀತಿ: ಸದಾ ಎಚ್ಚರವಿರುವುದೇ ಕಾವಲಲ್ಲ. ಕೆಲಸವಿಲ್ಲದಾಗ ಶಕ್ತಿ ಉಳಿಸಿಕೊಂಡವರು ಮಾತ್ರ ಬೇಕಾದ ಗಳಿಗೆಯಲ್ಲಿ ಎಚ್ಚರವಿರಬಲ್ಲರು.