ಕಿರುಗುಡ್ಡದ ಮಡಕೆಗಳು

"ಅಕ್ಕಾ, ಕಿರುಗುಡ್ಡಕ್ಕೆ ದಾರಿ ಯಾವುದು?" ಕವಲಿನಲ್ಲಿ ಕುದುರೆ ನಿಲ್ಲಿಸಿ ಮಾಳಬ್ಬೆ ಕೇಳಿದಳು. ಅದೇ ಹುಣಸೆಮರವನ್ನು ಆಗಲೇ ಎರಡು ಸಲ ಸುತ್ತಿ ಬಂದಿದ್ದಳು.

ಮೇಕೆ ಮೇಯಿಸುತ್ತಿದ್ದವಳು ನಕ್ಕಳು. "ಎಡಕ್ಕೆ ಹೋದ್ರೆ ನಮ್ಮೂರು. ಬಲಕ್ಕೆ ಹೋದ್ರೆ ನಮ್ಮೂರನ್ನ ನುಂಗೋಕೆ ಬಂದಿರೋ ಕಾಳರಸನ ಪಾಳೆಯ. ನೀವು ಯಾರ ಕಡೆ?"

"ಅದು ನಮ್ಮ ದೊರೆಗೇ ಗೊತ್ತಿಲ್ಲವಮ್ಮ."

ಮಾಳಬ್ಬೆ ಇಂದರಸನ ರಾಯಭಾರಿ. "ಕಿರುಗುಡ್ಡ ಉಳಿಯಬೇಕು, ಕಾಳರಸ ಮುನಿಯಬಾರದು, ನಮ್ಮ ಒಬ್ಬ ಸೈನಿಕನೂ ಕದಲಬಾರದು," ಎಂದು ದೊರೆ ಒಂದು ಶಾಲು ಕೊಟ್ಟು ಕಳಿಸಿದ್ದ. ಶಾಲು ಯಾರಿಗೆಂದು ಮಾತ್ರ ಹೇಳಿರಲಿಲ್ಲ.

"ನಿಮ್ಮೂರಿಗೆ ಅರಸನೇ ಇಲ್ಲವಂತೆ?"

"ಯಜಮಾನರು ಇರ್ತಾರೆ. ವರ್ಷಕ್ಕೊಮ್ಮೆ, ಈ ಹುಣ್ಣಿಮೆಗೆ, ಯಜಮಾನಿಕೆಗೆ ನಿಂತೋರಿಗೆಲ್ಲ ಒಂದೊಂದು ಮಡಕೆ ಇಡ್ತೀವಿ. ಊರಲ್ಲಿ ಉಂಡು ಮಲಗಿದೋರೆಲ್ಲ ಬೇಕಾದೋರ ಮಡಕೆಗೆ ಕಲ್ಲು ಹಾಕ್ತಾರೆ. ಬಂದ ನೆಂಟರೂ. ಹೆಚ್ಚು ಕಲ್ಲು ಬಿದ್ದೋರೇ ಯಜಮಾನರು."

"ನೆಂಟರೂ?"

"ನಮ್ಮ ಅನ್ನ ಉಂಡೋರು ನಮ್ಮೋರೇ ಅಲ್ವಾ?"

ಮಾಳಬ್ಬೆ ಕುದುರೆಯನ್ನು ಬಲಕ್ಕೆ ತಿರುಗಿಸಿದಳು.

ಪಾಳೆಯದಲ್ಲಿ ಕಾಳರಸ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಮೀಸೆ ತಿರುವುತ್ತ ದಂಡನಾಯಕ ಬೊಪ್ಪಣ್ಣ.

"ನಾಳೆ ಕಿರುಗುಡ್ಡ ನನ್ನದು. ನಿನ್ನ ದೊರೆ ಅಡ್ಡ ಬರುತ್ತಾನೋ?" ಎಂದ ಕಾಳರಸ.

"ಶಾಲು ಕಳಿಸಿದ್ದಾರೆ, ಪ್ರಭು," ಎಂದು ಹೊದಿಸಿದಳು. "ಗೆದ್ದ ಮೇಲೆ ದಂಡು ಊರಲ್ಲೇ ಇರುತ್ತದಲ್ಲ?"

"ಇರದೆ?"

"ಹಾಗಾದರೆ ಹುಣ್ಣಿಮೆಗೆ ಅವರೂ ಕಲ್ಲು ಹಾಕುತ್ತಾರೆ," ಎಂದು ಮಡಕೆಯ ಪದ್ಧತಿಯನ್ನು ವಿವರಿಸಿದಳು.

"ಆ ಪದ್ಧತಿಯನ್ನೇ ನಿಲ್ಲಿಸುತ್ತೇನೆ."

"ನಿಲ್ಲಿಸಬಹುದು. ಆದರೆ ದೊರೆಗೆ ನಮ್ಮ ಮೇಲೆ ನಂಬಿಕೆ ಇಲ್ಲವೇ ಅಂತ ನಿಮ್ಮವರೇ ಕೇಳುತ್ತಾರೆ. ಅವರ ಕಲ್ಲೆಲ್ಲ ಬೀಳುವುದು ನಿಮ್ಮ ಮಡಕೆಗೇ ತಾನೆ? ದಂಡಿಗೆ ನಿಮಗಿಂತ ಬೇಕಾದವರು ಇಲ್ಲಿ ಇನ್ಯಾರಿದ್ದಾರೆ?"

ಬಾಗಿಲಲ್ಲಿ ನಿಂತ ಕಾವಲುಗಾರರಿಬ್ಬರೂ ಬೊಪ್ಪಣ್ಣನ ಕಡೆ ನೋಡಿದರು. ಅವರು ನೋಡಿದ್ದನ್ನು ಕಾಳರಸ ನೋಡಿದ. ಬೊಪ್ಪಣ್ಣ ಮೀಸೆಯಿಂದ ಮೆಲ್ಲಗೆ ಕೈ ಇಳಿಸಿದ.

ಬೆಳಗಾಗುವಷ್ಟರಲ್ಲಿ ಪಾಳೆಯ ಖಾಲಿ. ಈ ಸೀಮೆಯ ನೀರು ಕುದುರೆಗಳಿಗೆ ಒಗ್ಗುವುದಿಲ್ಲವೆಂದು ಡಂಗುರ ಸಾರಿಸಿ ಹೊರಟುಹೋಗಿದ್ದರು.

ಸುದ್ದಿ ಕೇಳಿ ಇಂದರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳ ಮುತ್ತಿನ ಸರವನ್ನೇ ತೆಗೆದು ಮಾಳಬ್ಬೆಗೆ ಕೊಟ್ಟ. ಆಮೇಲೆ ದನಿ ತಗ್ಗಿಸಿದ.

"ಪಾಪ, ಚಿಕ್ಕ ಊರು. ಇನ್ನು ಮುಂದೆ ನಾವೇ ಅಲ್ಲೊಂದು ಪುಟ್ಟ ದಂಡು ಇಟ್ಟು ಕಾಪಾಡಿದರೆ ಹೇಗೆ?"

"ಆಗಲಿ, ಪ್ರಭು," ಎಂದಳು ಮಾಳಬ್ಬೆ. "ಮಡಕೆ ಒಂದು ಸಾಕೋ, ಎರಡು ಹೇಳಲೋ? ಯುವರಾಜರೂ ನಿಲ್ಲಬಹುದು."