ಸಾವಂತ್ರಿಯ ಸತ್ತ ಗೇಮ್ ಸೆಟ್

"ಇಂಗ್ಲಿಷ್ ಬಾರದ ಹೆಣ್ಮಗಳಿಗೆ ಸ್ಕ್ರೂ ಬಿಚ್ಚಾಕ ಬರ್ತೈತಿ, ಬೀಗ ಬಿಚ್ಚಾಕ ಬರೂದಿಲ್ಲ" ಎಂದು ಹೇಳಿದವನು ಈರಪ್ಪ ಮೇಸ್ತ್ರಿ. ಹುಬ್ಬಳ್ಳಿಯ ಮೊಬೈಲ್ ರಿಪೇರಿ ಓಣಿಯಲ್ಲಿ ಸಾವಂತ್ರಿಗೆ ಬೆಸುಗೆ ಹಾಕಲು ಕಲಿಸಿದವನೂ ಅವನೇ. ಅವನಿಗಿಂತ ಮೊದಲು ಇಂಥದೇ ಮಾತನ್ನು ಇನ್ನೂ ಒರಟಾಗಿ ಹೇಳಿದವನು ಅವಳ ಸ್ವಂತ ಅಣ್ಣ. ಏಳನೇ ತರಗತಿಗೆ ಅವಳನ್ನು ಶಾಲೆ ಬಿಡಿಸಿದ್ದು ಅವನು.

ಸಾವಂತ್ರಿ ಕಿವಿಯ ಬೆಂಡೋಲೆ ಮಾರಿ, ಎರಡು ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಸೆಟ್ ಕೊಂಡು ತಂದಳು. ಆಡಲಿಕ್ಕಲ್ಲ, ಕಲಿಯಲಿಕ್ಕೆ.

ಇಂಥ ಸೆಟ್ಟಿನೊಳಗೆ ಕಂಪನಿ ಒಂದು ಬೀಗ ಹಾಕಿರುತ್ತದೆ. ಕಣ್ಣಿಗೆ ಕಾಣದ ಬೀಗ. ಕಂಪನಿ ಒಪ್ಪಿದ್ದನ್ನು ಬಿಟ್ಟು ಬೇರೇನನ್ನೂ ಅದು ನಡೆಸುವುದಿಲ್ಲ. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ಬದಲಿಸುವುದಕ್ಕೂ ಕೊಂಡವರಿಗೆ ಹಕ್ಕಿಲ್ಲ. ಆ ಬೀಗ ತೆರೆಯುವ ಬಗೆಯನ್ನು ಇಂಟರ್ನೆಟ್ಟಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. ಸಾವಂತ್ರಿ ಒಂದೊಂದೇ ಪದದ ಅರ್ಥ ಹುಡುಕಿಕೊಂಡು ಓದಿದಳು. ಗೊತ್ತಾಗದ ಸಾಲನ್ನು ಬಿಟ್ಟು ಮುಂದೆ ಹೋಗುವ ಅಭ್ಯಾಸ ಅವಳಿಗಿರಲಿಲ್ಲ. ಒಂದು ದಿನ ಬೀಗ ತೆರೆಯಿತು! ಪರದೆಯ ಮೇಲೆ ಅವಳು ತಾನೇ ಕನ್ನಡದಲ್ಲಿ ಬರೆದ 'ಸಾವಂತ್ರಿ' ಎಂಬ ಹೆಸರು ಹೊಳೆಯಿತು. ಅವಳು ಎದ್ದ ರಭಸಕ್ಕೆ ಕೂತ ಸ್ಟೂಲು ಹಿಂದಕ್ಕೆ ಬಿದ್ದೇ ಹೋಯಿತು.

ಆದರೆ ಕಂಪನಿಯವರು ಸುಮ್ಮನಿರುವ ಜನವಲ್ಲ. ಯಾವ ಕಿಂಡಿಯಿಂದ ಒಳಹೊಕ್ಕರೆಂದು ನೋಡಿ, ಇಂಟರ್ನೆಟ್ಟಿನ ಮೂಲಕ ಹೊಸ ತಿದ್ದುಪಡಿ ಕಳಿಸಿ, ಎಲ್ಲ ಸೆಟ್ಟುಗಳ ಕಿಂಡಿಯನ್ನೂ ಮುಚ್ಚಿದರು. ಸಾವಂತ್ರಿಯ ಸೆಟ್ಟಿಗೂ ಮತ್ತೆ ಬೀಗ ಬಿತ್ತು.

ಆ ಹೊತ್ತಿಗೆ ಸರಿಯಾಗಿ ಟೇಲರ್ ಮಹಾಂತೇಶ ತನ್ನ ಮಗಳು ಸ್ಫೂರ್ತಿಯನ್ನು ಕರೆದುಕೊಂಡು, ಓಣಿಯಲ್ಲಿ ಸಾವಂತ್ರಿ ಬಾಡಿಗೆಗೆ ಹಿಡಿದ ಮೇಜಿಗೆ ಬಂದ. ಹುಡುಗಿಯ ಕೈಯಲ್ಲಿ ಅದೇ ಜಾತಿಯ ಗೇಮ್ ಸೆಟ್ಟಿತ್ತು. ಬೈಕಿನಿಂದ ಬಿದ್ದ ಮೇಲೆ ಅವಳ ಎಡಗೈ ಬೆರಳು ಮಡಚಲು ಬರುತ್ತಿರಲಿಲ್ಲ.

"ಅಕ್ಕಾರ, ಇದರಾಗ ನಾ ಕಟ್ಟಿದ ಊರು ಐತ್ರಿ" ಅಂದಳು ಸ್ಫೂರ್ತಿ. "ಕೆರಿ, ಸೇತುವೆ, ಬಸ್‌ ಸ್ಟ್ಯಾಂಡ್ ಎಲ್ಲಾ ಅದಾವು. ಈಗ ಒಂದ ಕೈಲೆ ಒಳಗ ಹೋಗಾಕ ಬರವಲ್ದು. ಎಡಗಡೆ ಗುಂಡಿ ಕೆಲಸಾನೂ ಬಲಗಡೆಗೆ ಬರೂ ಹಂಗ ಮಾಡಿಕೊಡ್ತೀರೇನ್ರಿ?"

"ಊರು ಅಳಿಸಿ ಹೋದ್ರ ಮನ್ಯಾಗ ಯಾರೂ ಉಣ್ಣಂಗಿಲ್ರಿ, ಮತ್ತ ನೋಡ್ರಿ" ಎಂದು ಮಹಾಂತೇಶ ನಕ್ಕ. ನಗುವಿನಲ್ಲಿ ಭಯವಿತ್ತು.

ಎದುರು ಅಂಗಡಿಯಿಂದ ಈರಪ್ಪ ಎದ್ದು ಬಂದ. ಪೆನ್ ಡ್ರೈವ್ ಒಂದನ್ನು ಬೆರಳಲ್ಲಿ ತಿರುಗಿಸುತ್ತ, "ಹೊಸಾ ಬೀಗಕ್ಕ ಹೊಸಾ ಫೈಲು ಬಂದೈತಿ. ನಮ್ಮ ರಿಪೇರಿ ಗ್ರೂಪಿನ್ಯಾಗ ಬಂದಿದ್ದು. ಹಾಕು, ಚಾ ಕುಡಿಯೂದ್ರಾಗ ಆಗ್ತೈತಿ" ಅಂದ.

"ಯಾರು ಮಾಡಿದ್ದು ಇದು, ಕಾಕಾ?"

"ಯಾರರ ಮಾಡ್ಯಾರ. ನೀ ಚಪಾತಿ ತಿನ್ನುವಾಗ ಗೋಧಿ ಬೆಳೆದವನ ಹೆಸರು ಕೇಳ್ತೀಯೇನು?"

ಓಣಿಯವರೆಲ್ಲ ನಕ್ಕರು. ಸಾವಂತ್ರಿಗೆ ಕಿವಿ ಬಿಸಿಯಾಯಿತು. ಫೈಲಿನೊಳಗೆ ಏನಿದೆಯೆಂದು ಓದಿ ನೋಡಲು ಬರುವಂತಿರಲಿಲ್ಲ. ಸೆಟ್ಟಿನೊಳಗಿರುವುದನ್ನು ನಕಲು ಮಾಡಿ ಇಡೋಣವೆಂದರೆ, ಬೀಗ ತೆರೆಯದೆ ನಕಲೂ ಸಿಗುವುದಿಲ್ಲ. ಮೊದಲ ಹೆಜ್ಜೆ ಕುರುಡು ಹೆಜ್ಜೆ. ಅದನ್ನು ಯಾರ ಸೆಟ್ಟಿನ ಮೇಲೆ ಇಡುವುದು?

ಅವಳು ಮೇಜಿನ ಖಾನೆಯಿಂದ ತನ್ನ ಸೆಟ್ಟನ್ನು ಹೊರಗೆ ತೆಗೆದಳು.

"ಹೆದರಿದ್ಯಾ?" ಅಂದ ಈರಪ್ಪ. "ಗಿರಾಕಿ ಮುಂದ ಕುಂತಾರ, ನೀ ನಿನ್ನ ಆಟದ ಸಾಮಾನು ತಗದಿ!"

"ಹೂಂ ಕಾಕಾ, ಹೆದರೇನಿ. ಊರು ಅಕೀದು."

ಪೆನ್ ಡ್ರೈವಿನ ಫೈಲನ್ನು ತನ್ನ ಸೆಟ್ಟಿಗೆ ಹಾಕಿದಳು. ಪರದೆ ಒಮ್ಮೆ ಬೆಳಗಿತು. ಆಮೇಲೆ ಕಪ್ಪಾಯಿತು. ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ. ಫೈಲು ಮಾಡಿದ ಯಾವನೋ ಕಿಡಿಗೇಡಿ, ಬೀಗ ತೆರೆಯುವ ನೆಪದಲ್ಲಿ, ಕಂಪನಿ ಒಂದೊಂದು ಸೆಟ್ಟಿಗೂ ಬೇರೆಯಾಗಿ ಬರೆದಿಡುವ ಹುಟ್ಟುಗುರುತನ್ನೇ ಅಳಿಸುವ ಸಾಲನ್ನು ಅದರೊಳಗೆ ಬಚ್ಚಿಟ್ಟಿದ್ದ. ಅದಿಲ್ಲದೆ ಸೆಟ್ಟು ಚಾಲೂ ಆಗದು, ಒಂದರ ಗುರುತು ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಬೀಗ ತೆರೆದಿದ್ದ ದಿನಗಳಲ್ಲಿ ಸಾವಂತ್ರಿ ಗಿರಾಕಿಗಳ ಸೆಟ್ಟಿನದೆಲ್ಲ ನಕಲು ತೆಗೆದಿಟ್ಟಿದ್ದಳು. ತನ್ನದರ ನಕಲು ಮಾತ್ರ ತೆಗೆದಿರಲಿಲ್ಲ. ಆ ಓಣಿಯಲ್ಲಿ ಯಾರೂ ತಮ್ಮ ಸೆಟ್ಟಿನ ನಕಲು ತೆಗೆಯುವುದಿಲ್ಲ.

ನಗು ನಿಂತಿತು. ಈರಪ್ಪ ಪೆನ್ ಡ್ರೈವನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಸಾವಂತ್ರಿಯ ಕೈ ತನ್ನಷ್ಟಕ್ಕೆ ಬರಿಗಿವಿಯನ್ನು ಮುಟ್ಟಿತು. ಅತ್ತಳೇ? ಇಲ್ಲ. ಅವಳಿಗೆ ಓದಿದ ಒಂದು ಸಾಲು ನೆನಪಾಯಿತು. ಈ ಜಾತಿಯ ಸೆಟ್ಟಿನ ಒಳಗಿನ ಚಿಪ್‌ನಲ್ಲಿ ಹುಟ್ಟಿನಿಂದಲೇ ಒಂದು ಕಿಂಡಿ ಉಳಿದಿದೆ, ಅದನ್ನು ಯಾವ ತಿದ್ದುಪಡಿಯೂ ಮುಚ್ಚಲಾರದು, ಬದಿಯಲ್ಲಿರುವ ಸಣ್ಣ ಲೋಹದ ತುದಿಗಳಲ್ಲಿ ಎರಡನ್ನು ತಂತಿಯಿಂದ ಕೂಡಿಸಿ ಚಾಲು ಮಾಡಿದರೆ ಬಾಗಿಲು ತೆರೆಯುತ್ತದೆ ಎಂಬ ಸಾಲು. ಯಾವ ತುದಿ ಎಂದು ಅಲ್ಲಿ ಸರಿಯಾಗಿ ಬರೆದಿರಲಿಲ್ಲ. ತಪ್ಪಿದರೆ ಸೆಟ್ಟು ಸುಡುತ್ತದೆ. ಜೀವಂತ ಸೆಟ್ಟಿನ ಮೇಲೆ ಅದನ್ನು ಮಾಡಲು ಅವಳಿಗೆ ಎಂದೂ ಧೈರ್ಯ ಬಂದಿರಲಿಲ್ಲ.

ಸತ್ತದ್ದರಲ್ಲಿ ಇನ್ನೇನು ಸುಡುವುದು!

ಸೆಟ್ಟನ್ನು ಮೇಜಿನ ಕಂಪ್ಯೂಟರಿಗೆ ಜೋಡಿಸಿ, ತಂತಿಯ ಎಳೆ ಹಿಡಿದು ಒಂದೊಂದೇ ಜೋಡಿ ತುದಿ ಕೂಡಿಸುತ್ತ ಹೋದಳು. ಒಮ್ಮೆ ಕಿಡಿ ಹಾರಿತು, ಒಮ್ಮೆ ಹೊಗೆ ವಾಸನೆ ಬಂತು. ಪಕ್ಕದಲ್ಲಿ ಸ್ಫೂರ್ತಿ ಮೇಜಿಗೆ ಬಾಗಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎದುರಿಗಿದ್ದ ಕಂಪ್ಯೂಟರು 'ಟಣ್' ಅಂದಿತು. ಸತ್ತ ಸೆಟ್ಟು ಬಾಗಿಲು ತೆರೆದು ನಿಂತಿತ್ತು!

"ಸಿಕ್ತು! ಸಿಕ್ತವ್ವಾ!" ಸಾವಂತ್ರಿಯ ಕೂಗು ಓಣಿಯ ಕೊನೆಗೆ ಕೇಳಿತು. ಒಳಗೆ ಗುರುತೇ ಇಲ್ಲದ ಅವಳ ಸೆಟ್ಟು ಮತ್ತೆ ಬದುಕುವಂತಿರಲಿಲ್ಲ, ಅದು ದಾರಿಯನ್ನಷ್ಟೇ ತೋರಿಸಿತು.

ಸ್ಫೂರ್ತಿಯ ಸೆಟ್ಟಿಗೆ ಅದೇ ಎರಡು ತುದಿಯಲ್ಲಿ ತಂತಿ ಇಟ್ಟಳು. ಬಾಗಿಲು ತೆರೆಯಿತು. ಬೇರೇನನ್ನೂ ಮುಟ್ಟದೆ ಮೊದಲು ಒಳಗಿದ್ದದ್ದೆಲ್ಲದರ ನಕಲು ತೆಗೆದಳು. ಆಮೇಲೆ ಗುಂಡಿಗಳ ಕೆಲಸ ಬದಲಿಸಿದಳು. ಹುಡುಗಿ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯೊಂದರಲ್ಲೇ ಒತ್ತಿದಳು. ಕೆರೆ ಬಂತು, ಸೇತುವೆ ಬಂತು.

"ಅಪ್ಪಾ, ನಡಿಯಾಕತ್ತೇನಿ! ಸೇತುವಿ ಮ್ಯಾಲ ನಡಿಯಾಕತ್ತೇನಿ ನೋಡು!"

ಮಹಾಂತೇಶ ಕಣ್ಣೊರೆಸಿಕೊಂಡ. ಓಣಿಯವರು ಸಿಳ್ಳೆ ಹೊಡೆದರು. ಈರಪ್ಪ ಹತ್ತಿರ ಬಂದು ದನಿ ತಗ್ಗಿಸಿ, "ಸಾವಂತ್ರಿ, ಆ ತಂತಿ ಎಲ್ಲಿ ಇಟ್ಟಿ, ನನಗೂ ತೋರಸ್ವಾ. ನಾಳೆ ನನಗೊಬ್ಬ ಗಿರಾಕಿ ಬರಾಂವ ಅದಾನ" ಅಂದ.

"ತೋರಸ್ತೀನಿ ಕಾಕಾ. ಗಿರಾಕೀದು ಬ್ಯಾಡ. ಮೊದಲ ನಿಂದೊಂದು ಸೆಟ್ ತಗೊಂಬಾ, ಅದರ ಮ್ಯಾಲ ಕಲಸ್ತೀನಿ."

ಈಗ ಆ ಓಣಿಯಲ್ಲಿ ಸಾವಂತ್ರಿಗೆ ಸ್ವಂತ ಅಂಗಡಿಯಿದೆ, ಬಾಗಿಲ ಮೇಲೆ ಅವಳದೇ ಹೆಸರಿದೆ. ಗಾಜಿನ ಕಪಾಟಿನಲ್ಲಿ ಮಾರಾಟಕ್ಕಿಲ್ಲದ ಒಂದು ಸತ್ತ ಗೇಮ್ ಸೆಟ್ಟಿದೆ. ಅದಕ್ಕೆ ಎಷ್ಟು ಬಿತ್ತೆಂದು ಕೇಳಿದವರಿಗೆ ಅವಳು ಬರಿಗಿವಿ ತೋರಿಸುತ್ತಾಳೆ.

ನೀತಿ: ಕಷ್ಟಪಟ್ಟು ಕಲಿತರೆ ಬೀಗ ತೆರೆಯುವುದು ಯಾರಿಗಾದರೂ ಬರುತ್ತದೆ. ಗೊತ್ತಿಲ್ಲದ ದಾರಿಯ ಮೊದಲ ಹೆಜ್ಜೆಯನ್ನು ತನ್ನ ವಸ್ತುವಿನ ಮೇಲೆ ಇಟ್ಟು ನೋಡುವವರಿಗೆ ಮಾತ್ರ ಇನ್ನೊಬ್ಬರ ವಸ್ತುವನ್ನು ಮುಟ್ಟುವ ಅಧಿಕಾರವಿದೆ.