ಎಣ್ಣೆ ವ್ಯಾಪಾರಿ ಕೀ ಕೊಟ್ಟ ಭಾನುವಾರ

"ಬುದ್ಧಿ, ಹನ್ನೊಂದು ವರ್ಷ ತಿದ್ದಿ ತೀಡಿದ ಧಾಟಿಯನ್ನು ನಿನ್ನೆ ಮೊನ್ನೆ ಬಂದವರಿಗೆ ಹೇಗೆ ಒಪ್ಪಿಸಲಿ? ಅವರು ಕೆಡಿಸಿದರೆ?" ಎಂದು ಮರುಳಯ್ಯ ಕೇಳಿದ.

ಮಠದಲ್ಲಿ ಬೆಳಗಿನ ಪ್ರಾರ್ಥನೆ ಹಾಡುವವನು ಅವನೊಬ್ಬನೇ. ಸೋಮವಾರದಿಂದ ಹೊಸಬರು ಹಾಡಲಿ, ನೀನು ಕಲಿಸು ಎಂದು ಗುರುಗಳು ಹೇಳಿದ್ದರು. ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಗುರುಗಳು ನಕ್ಕರು. "ಕೂತುಕೋ. ಕಾರಿನ ಕತೆ ಹೇಳುತ್ತೇನೆ. ಸ್ವಾಮಿಗಳಿಗೆ ಕಾರಿನ ಉಸಾಬರಿ ಯಾಕೆ ಎಂದು ನೀನು ಅಂದುಕೊಳ್ಳುವುದು ನನಗೆ ಗೊತ್ತು. ನನಗೆ ಕಾರು ಇಷ್ಟ. ಇಷ್ಟವಾದದ್ದನ್ನು ಇಷ್ಟ ಎನ್ನಲು ನಾಚಿಕೆ ಯಾಕೆ?" ಎಂದು ಶುರುಮಾಡಿದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಹತ್ತಿರ ಅಮೆರಿಕದ ಒಂದು ಹಳೆಯ ಕಾರಿತ್ತು. ಎಂಟು ಸಿಲಿಂಡರಿನದು, ಎಂಜಿನ್ನಿನ ಬಲಕ್ಕೇ ಹೆಸರಾದದ್ದು, ಸ್ಟಿಯರಿಂಗ್ ಎಡಕ್ಕೆ. ಗುಜರಿಯಲ್ಲಿ ತುಕ್ಕು ಹಿಡಿದು ಕೂತಿದ್ದನ್ನು ತಂದು ಆರು ವರ್ಷ ಮೈಮುರಿದು ದುಡಿದು ಎಬ್ಬಿಸಿದ್ದ. ಗೇರ್‌ಬಾಕ್ಸಿನ ಒಂದು ಹಲ್ಲುಚಕ್ರ ಹಡಗಿನಲ್ಲಿ ಬರಲೆಂದು ಹದಿನಾಲ್ಕು ತಿಂಗಳು ಕಾದಿದ್ದ. ಶಬ್ದ ಗಂಭೀರವಾಗಿರಬೇಕೆಂದು ಸೈಲೆನ್ಸರನ್ನು ಮೂರು ಸಲ ಬದಲಿಸಿದ್ದ. ಹೆಂಡತಿ ಕೂಡ ಅದರ ಬಾಗಿಲನ್ನು ಅವನನ್ನು ಕೇಳಿಯೇ ಮುಟ್ಟಬೇಕಿತ್ತು.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಹಳೆಯ ಕಾರಿನವರೆಲ್ಲ ಸೇರುತ್ತಿದ್ದರು. ಬಾನೆಟ್ ಎತ್ತಿಟ್ಟು ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ತಲೆ ಹಾಕುವುದು, ಇಡ್ಲಿ ತಿನ್ನುವುದು, ತಮ್ಮ ತಮ್ಮ ಗಾಡಿಯನ್ನು ಹೊಗಳಿಕೊಳ್ಳುವುದು. ಅವರಲ್ಲಿ ಒಂದು ಪದ್ಧತಿ ಇತ್ತು. ಹೊರಡುವ ಮುಂಚೆ ಎಲ್ಲರ ಕೀಗಳನ್ನೂ ಒಂದು ಹ್ಯಾಟಿಗೆ ಹಾಕಬೇಕು. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಯಾರ ಕೀ ಬಂತೋ ಅವರ ಕಾರಿನಲ್ಲಿ ಬಯಲಿಗೆ ಒಂದು ಸುತ್ತು ಹಾಕಬೇಕು.

ಮೂರು ವರ್ಷ ವ್ಯಾಪಾರಿ ಹ್ಯಾಟು ಬರುವ ಹೊತ್ತಿಗೆ ಜಾಗ ಖಾಲಿ ಮಾಡುತ್ತಿದ್ದ. ಒಂದು ತಿಂಗಳು ಅಕ್ಕನ ಮಗಳ ಮದುವೆ, ಇನ್ನೊಂದು ತಿಂಗಳು ಷಡ್ಡಕನ ತಮ್ಮನದು. ಅವನ ನೆಂಟರು ನಿಜವಾಗಿ ಅಷ್ಟು ಮದುವೆಯಾಗಿದ್ದರೆ ಈ ತಾಲ್ಲೂಕಿನಲ್ಲಿ ಕಲ್ಯಾಣಮಂಟಪಗಳು ಸಾಲುತ್ತಿರಲಿಲ್ಲ.

ಒಂದು ಭಾನುವಾರ ಅವನ ಕಾರಿನ ಹಿಂದೆ ಯಾರೋ ಜೀಪು ನಿಲ್ಲಿಸಿ ಕಾಫಿಗೆ ಹೋಗಿದ್ದರು. ಅವನಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಎಲ್ಲರೂ ನೋಡುತ್ತಿರುವಾಗ ಕೀ ಹಾಕಲೇಬೇಕಾಯಿತು. ಅದು ಒಬ್ಬ ಟೀಚರಮ್ಮನ ಕೈಗೆ ಬಂತು. ಅವರದು ತಂದೆ ಬಿಟ್ಟುಹೋದ ಒಂದು ಪುಟ್ಟ ಕಾರು.

ಟೀಚರಮ್ಮ ಅವನ ಮುಖ ನೋಡಿದರು. "ನಿಮಗೆ ಮನಸ್ಸಿಲ್ಲ ಅಂದ್ರೆ ಬೇಡ ಬಿಡಿ ಸಾರ್. ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ."

ಬೇಡ ಎಂಬ ಮಾತು ಅವನ ಬಾಯಿಯವರೆಗೆ ಬಂತು, ಆದರೆ ನಾಚಿಕೆಯೂ ಆಯಿತು. "ಎರಡನೇ ಗೇರಿಗೆ ಹಾಕೋವಾಗ ಸ್ವಲ್ಪ ನಿಧಾನ ಮೇಡಂ. ಗದರಿಸಿದ್ರೆ ಅದು ಕೇಳಲ್ಲ."

"ನಮ್ಮ ಏಳನೇ ಕ್ಲಾಸಿನ ಹಾಗೇ ಅನ್ನಿ" ಎಂದು ಅವರು ಹತ್ತಿ ಕೂತರು.

ಅಭ್ಯಾಸದಂತೆ ಗೇರಿಗೆಂದು ಎಡಗೈ ಚಾಚಿದರು. ಸಿಕ್ಕಿದ್ದು ಬಾಗಿಲ ಹಿಡಿ. ಬಾಗಿಲು ತೆರೆದುಕೊಂಡಿತು. ಎಲ್ಲರೂ ನಕ್ಕರು, ಟೀಚರಮ್ಮನೂ ನಕ್ಕರು. ಹೊರಡುವಾಗ ಎಂಜಿನ್ ಒಮ್ಮೆ ಆಫ್ ಆಯಿತು. ಮತ್ತೆ ಹೊರಟಾಗ ಗೇರು ಕರಕರ ಎಂದಿತು. ನೋಡಲಾರದೆ ವ್ಯಾಪಾರಿ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ನಿಂತ.

ಅಷ್ಟರಲ್ಲಿ ಬೇರೆ ಕೆಲವು ಕಾರುಗಳೂ ಬಯಲು ಸುತ್ತಲು ಹೊರಟಿದ್ದವು. ಸ್ವಲ್ಪ ಹೊತ್ತಿಗೆ ಬಯಲಿನ ಆ ತುದಿಯಿಂದ ಒಂದು ಶಬ್ದ ಬಂತು. ಮೊದಲು ನೆಲದಲ್ಲಿ, ಆಮೇಲೆ ಪಾದದಲ್ಲಿ, ಆಮೇಲೆ ಎದೆಯಲ್ಲಿ. ದೂರದ ಗುಡುಗಿನಂಥ ತುಂಬು ಶಬ್ದ. ಅದು ಅವನ ಬೆನ್ನ ಹಿಂದೆಯೇ ಹಾದುಹೋಯಿತು. ವ್ಯಾಪಾರಿಗೆ ಮೈ ಜುಮ್ಮೆಂದಿತು. ಭಯವೇ ಮರೆತುಹೋಯಿತು. ಇಂಥ ಗಾಡಿ ಇಲ್ಲಿ ಇದೆಯೆಂದು ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡ.

"ಯಾರದ್ರೀ ಆ ಗಾಡಿ?" ಎಂದು ಪಕ್ಕದವನನ್ನು ಕೇಳಿದ.

ಪಕ್ಕದವನು ತಿನ್ನುವುದನ್ನು ಬಿಟ್ಟು ಅವನನ್ನೇ ನೋಡಿದ. "ನಿಮ್ದೇ ಅಲ್ವೇನ್ರೀ."

ಓಡಿಸುವವನು ಒಳಗೆ ಕೂತಿರುತ್ತಾನೆ. ಅವನ ಕಿವಿಗೆ ಬೀಳುವುದು ಗಾಳಿ, ಕಿಟಕಿಯ ಅದುರು, ಆಮೇಲೆ ತನ್ನದೇ ಚಿಂತೆ. ತನ್ನ ಕಾರು ಹಾದುಹೋಗುವುದನ್ನು ವ್ಯಾಪಾರಿ ಒಮ್ಮೆಯೂ ನಿಂತು ಕೇಳಿರಲಿಲ್ಲ.

ಅವನು ಕಣ್ಣು ಬಿಟ್ಟು ಕಾರಿನ ಹಿಂದೆ ಓಡಿದ. ನಿಲ್ಲಿಸಲು ಓಡಿದ ಎಂದು ಎಲ್ಲರೂ ತಿಳಿದರು. "ನಿಲ್ಲಿಸ್ಬೇಡಿ ಮೇಡಂ, ಇನ್ನೊಂದು ಸುತ್ತು ಹೊಡೀರಿ" ಎಂದು ಅವನು ಕೂಗುತ್ತಿದ್ದ. ಒಂದು ಹೋಗಿ ನಾಲ್ಕು ಸುತ್ತಾದವು. ಪ್ರತಿ ಸುತ್ತಿಗೂ ಬೇರೆ ಬೇರೆ ಜಾಗದಲ್ಲಿ ನಿಂತು ಕೇಳಿದ. ಆಮೇಲೆ ಟೀಚರಮ್ಮನ ಪುಟ್ಟ ಕಾರಿನೊಳಗೆ ಮಂಡಿ ಮಡಚಿ ತೂರಿಕೊಂಡು ತಾನೂ ಒಂದು ಸುತ್ತು ಹಾಕಿ ಬಂದ. ಅವನು ಹಾಗೆ ನಕ್ಕಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಮರುಳಯ್ಯನೂ ನಗುತ್ತಿದ್ದ. "ಗೇರ್‌ಬಾಕ್ಸಿಗೆ ಏನೂ ಆಗಲಿಲ್ಲವೇ ಬುದ್ಧಿ?" ಎಂದು ಕೇಳಿದ.

"ಅದು ಗಟ್ಟಿಯಾಗಿಯೇ ಇದೆ" ಎಂದು ಗುರುಗಳು ಎದ್ದು ಶಾಲು ಕೊಡವಿಕೊಂಡರು. ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು:

"ಮರುಳಯ್ಯ, ನಿನ್ನ ಧಾಟಿಯನ್ನು ಹನ್ನೊಂದು ವರ್ಷದಿಂದ ಈ ಮಠದಲ್ಲಿ ಎಲ್ಲರೂ ಕೇಳಿದ್ದಾರೆ, ನೀನೊಬ್ಬನನ್ನು ಬಿಟ್ಟು."